ನಾರಿನ ಪುಡಿ ಯಾರ ಹೊಟ್ಟೆಗೆ

ತನ್ನ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಜೀವಗಳು ಮನೆ ಮಾಡಿಕೊಂಡಿವೆ ಎಂಬ ಸುದ್ದಿ, ಐವತ್ತರ ಹತ್ತಿರ ಬಂದ ಹೆಂಗಸಿಗೆ ಬೆಳಗಿನ ಹನ್ನೊಂದು ಗಂಟೆಗೆ ಒಮ್ಮೆಲೇ ತಿಳಿದರೆ ಎದೆ ಧಸಕ್ಕೆನ್ನದೆ ಇರುತ್ತದೆಯೇ? ಅಮೃತವ್ವ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಎದುರು ಕೂತ ಡಾಕ್ಟರ್ ವಾಣಿಶ್ರೀಯವರ ಮುಖವನ್ನೇ ನೋಡಿದಳು.

"ಹುಳಾ ಏನ್ರಿ ಬಾಯಾರ?"

"ಹುಳಾ ಅಲ್ರಿ. ಕಣ್ಣಿಗೆ ಕಾಣಲಾರದಷ್ಟು ಸಣ್ಣು. ಬ್ಯಾಕ್ಟೀರಿಯಾ. ನಿಮಗೊಬ್ಬರಿಗೇ ಅಲ್ಲ, ನನ್ನ ಕರುಳಾಗೂ ಅದಾವು, ಎಲ್ಲಾರಿಗೂ ಅದಾವು."

ಎಲ್ಲರಿಗೂ ಇವೆ ಎಂದ ಮೇಲೆ ಅಮೃತವ್ವನಿಗೆ ಉಸಿರು ಬಂತು. ಊರಿಗೆಲ್ಲ ಬಂದದ್ದು ನಮಗೂ ಬಂತು ಎಂದರೆ ಅರ್ಧ ಸಂಕಟ ಇಳಿದ ಹಾಗೆಯೇ. ಅವಳು ಲಕ್ಷ್ಮೇಶ್ವರದಿಂದ ಶಿರಹಟ್ಟಿ ಮೇಲೆ ಹೋಗುವ ಬಸ್ಸು ಹತ್ತಿ ಗದಗಿನ ದೊಡ್ಡ ದವಾಖಾನೆಗೆ ಬಂದದ್ದು ಹೊಟ್ಟೆಗಾಗಿ ಅಲ್ಲ, ಮೊಣಕಾಲಿಗಾಗಿ. ಎಲುಬಿನ ಡಾಕ್ಟರು ತಕ್ಕಡಿ ಹತ್ತಿಸಿ, ತೊಂಬತ್ತೆಂಟು ಕಿಲೋ ಎಂದು ಓದಿ, "ಹತ್ತು ಕಿಲೋ ಇಳಿಸ್ಕೊಂಡು ಬರ್ರಿ, ಆಮ್ಯಾಲ ಮೊಣಕಾಲಿನ ಮಾತು" ಎಂದು ಕೈ ತೊಳೆದುಕೊಂಡಿದ್ದರು. ಹಾಗೆ ಕೈ ತೊಳೆದುಕೊಳ್ಳುವ ಮೊದಲು ಒಂದು ಉಪಕಾರ ಮಾಡಿದ್ದರು. ಮೇಲಿನ ಮಹಡಿಯಲ್ಲಿ ದಪ್ಪ ಮೈಯವರ ಮೇಲೆ ಏನೋ ಸಂಶೋಧನೆ ನಡೆದಿದೆ, ಹೋಗಿ ಹೆಸರು ಹಚ್ಚಿ ಎಂದಿದ್ದರು.

ವಾಣಿಶ್ರೀ ಮುಂಡರಗಿಯ ಕಡೆಯವರು, ಮೂವತ್ತೈದರ ಒಳಗಿನ ವಯಸ್ಸು. ಬಿಡಿಸಿ ಹೇಳುವ ತಾಳ್ಮೆ ಅವರಿಗಿತ್ತು. ದಪ್ಪ ಇದ್ದವರ ಕರುಳಿನಲ್ಲಿ ಈ ಜೀವಿಗಳ ಹಂಚಿಕೆ ಬೇರೆ ನಮೂನೆ ಇರುವುದು ಹಲವು ಸಲ ಕಂಡಿದೆಯಂತೆ. ಕೆಲವು ಬಗೆಯ ನಾರು ನಮಗೆ ಜೀರ್ಣವಾಗುವುದಿಲ್ಲ. ಅದು ಹಾಗೆಯೇ ದೊಡ್ಡ ಕರುಳಿಗೆ ಇಳಿದು ಅಲ್ಲಿನ ಒಳ್ಳೆಯ ಜೀವಿಗಳಿಗೆ ಆಹಾರವಾಗುತ್ತದೆ. ಅದಕ್ಕೆ ಪ್ರಿಬಯಾಟಿಕ್ ನಾರು ಎನ್ನುತ್ತಾರೆ. ಅದನ್ನು ಮೂರು ತಿಂಗಳು ತಿಂದರೆ ಜೀವಿಗಳ ಹಂಚಿಕೆ ಬದಲಾಗುತ್ತದೆಯೇ, ಬದಲಾದರೆ ಮೈಗೆ ಏನಾದರೂ ಉಪಯೋಗ ಇದೆಯೇ ಎಂದು ನೋಡಬೇಕಿತ್ತು.

"ಅಂದ್ರ ನಾ ಅವಕ್ಕ ಒಂದು ಖಾನಾವಳಿ ನಡಸ್ಬೇಕೇನ್ರಿ ಒಳಗ?" ಎಂದಳು ಅಮೃತವ್ವ.

ವಾಣಿಶ್ರೀ ನಕ್ಕೇಬಿಟ್ಟರು. ಅಮೃತವ್ವ ಕೇಳಿದ್ದು ಮಾತ್ರ ಚೇಷ್ಟೆಗಲ್ಲ. ಲಕ್ಷ್ಮೇಶ್ವರದ ಬಜಾರಿನಲ್ಲಿ ಅವಳದು ಇಪ್ಪತ್ತೆರಡು ವರ್ಷದ ಖಾನಾವಳಿ. ಗಂಡ ಅಂದಪ್ಪ ರೊಕ್ಕ ಎಣಿಸುತ್ತ ಗಲ್ಲೆಯ ಮೇಲೆ ಕೂಡುತ್ತಾನೆ, ಅವಳು ಬಡಿಸುತ್ತಾಳೆ. ಶಿಗ್ಲಿ, ಬಾಳೆಹೊಸೂರಿನಿಂದ ಸಂತೆಗೆ ಬಂದವರು ಅವಳ ಎಣ್ಣೆಗಾಯಿ ಉಣ್ಣದೆ ಬಸ್ಸು ಹತ್ತುವುದಿಲ್ಲ. ಸಾಕು ಎಂದವನ ತಾಟಿಗೆ ಇನ್ನೊಂದು ರೊಟ್ಟಿ ಹಾಕುವುದೇ ಅವಳ ಧರ್ಮ. ಹಾಗೆ ಊರಿಗೆಲ್ಲ ಬಡಿಸುತ್ತ, ಉಳಿದದ್ದನ್ನು ಕೆಡಬಾರದೆಂದು ತಾನೇ ತಿನ್ನುತ್ತ ಅವಳು ತೊಂಬತ್ತೆಂಟು ಕಿಲೋ ಮುಟ್ಟಿದ್ದಳು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಮಾತನ್ನು ಖಾನಾವಳಿಯ ಗೋಡೆಗೆ ಬರೆಸಿದವಳೂ ಅವಳೇ.

ಮುಂದಿನ ಮಾತಿಗೆ ಅವಳು ನಿಜವಾಗಿ ಹೌಹಾರಿದಳು. ವಾಣಿಶ್ರೀ ಒಂದು ಸಣ್ಣ ಡಬ್ಬಿ ಎದುರಿಗಿಟ್ಟು, ಇದರಲ್ಲಿ ಮಲ ತರಬೇಕು, ಸುರುವಿಗೆ ಒಮ್ಮೆ, ಮೂರು ತಿಂಗಳಾದ ಮೇಲೆ ಒಮ್ಮೆ ಎಂದರು. ಜೀವಿಗಳನ್ನು ಲೆಕ್ಕ ಹಾಕುವುದು ಅದರಲ್ಲೇ.

"ಯವ್ವಾ! ಅದನ್ನ ಹೊತ್ತುಕೊಂಡು ಬಸ್ಸಿನ್ಯಾಗ ಬರಬೇಕೇನ್ರಿ?"

"ಐಸಿನ ಪೆಟಿಗಿ ಕೊಡ್ತೀವ್ರಿ. ಯಾರಿಗೂ ಗೊತ್ತಾಗಂಗಿಲ್ಲ."

ಮೊದಲ ಸಲ ಹೇಗೋ ತಂದಳು. ಪೆಟ್ಟಿಗೆಯನ್ನು ಮಡಿಲಲ್ಲಿ ಅವುಚಿ ಹಿಡಿದು ಕೂತಿದ್ದವಳನ್ನು ಬಸ್ಸಿನಲ್ಲಿ ಪಕ್ಕದ ಶಿಗ್ಲಿಯ ಹೆಂಗಸು, "ಏನ್ ಒಯ್ಯಾಕತ್ತೀರಿ ಯಕ್ಕಾರ, ಮಗಳ ಮನಿಗೆ ಹೋಳಗಿ ಏನು?" ಎಂದು ಕೇಳಿದಾಗ ಅಮೃತವ್ವನಿಗೆ ಬಸ್ಸಿನ ಕಿಟಕಿಯಿಂದ ಹಾರಿಬಿಡೋಣ ಎನ್ನಿಸಿತ್ತು. ದೇಹ ಕಿಟಕಿಯಲ್ಲಿ ಹಿಡಿಸುವುದಿಲ್ಲ ಎಂದು ಸುಮ್ಮನಾದಳು.

ಪುಡಿ ಬಿಳಿಯದು, ಸಕ್ಕರೆಗಿಂತ ನುಣುಪು, ನಾಲಿಗೆಗೆ ಹತ್ತಿದರೆ ತುಸು ಸಿಹಿ. ದಿನಕ್ಕೆರಡು ಪಾಕೀಟು, ಮಜ್ಜಿಗೆಯಲ್ಲಿ ಕಲಸಿ ಕುಡಿಯಬೇಕು. ಅರ್ಧ ಮಂದಿಗೆ ಖರೇ ನಾರು, ಇನ್ನರ್ಧ ಮಂದಿಗೆ ಅದರಂತೆಯೇ ಕಾಣುವ ಬೇರೆ ಪುಡಿ. ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿಲ್ಲ. ಮೊದಲ ಎರಡು ವಾರ ಹೊಟ್ಟೆ ಉಬ್ಬಬಹುದು, ವಾಯು ಆಗಬಹುದು, ಹೆದರಬೇಡಿ, ಆಮೇಲೆ ಮೈ ಹೊಂದಿಕೊಳ್ಳುತ್ತದೆ ಎಂದು ವಾಣಿಶ್ರೀ ಎರಡೆರಡು ಸಲ ಹೇಳಿ ಕಳಿಸಿದ್ದರು.

ಅಮೃತವ್ವನಿಗೆ ಸಿಕ್ಕದ್ದು ಖರೇ ನಾರೇ ಇರಬೇಕು. ಹನ್ನೊಂದನೆಯ ದಿನ ಮಧ್ಯಾಹ್ನ, ಪಂಕ್ತಿಯಲ್ಲಿ ಹದಿನಾಲ್ಕು ಮಂದಿ ಕೂತಾಗ, ಬಾಳೆಹೊಸೂರಿನ ರಿಟೈರಾದ ಮಾಸ್ತರರ ತಾಟಿಗೆ ಶೇಂಗಾ ಚಟ್ನಿ ಹಾಕಲು ಅವಳು ಬಗ್ಗಿದಳು. ಆಗಬಾರದ್ದು ಆಗಿಹೋಯಿತು, ಅದೂ ಸದ್ದು ಮಾಡಿಕೊಂಡೇ ಆಯಿತು. ಹದಿನಾಲ್ಕು ಮಂದಿಯೂ ತಾಟು ನೋಡಿದರು. ಮೂಲೆಯಲ್ಲಿದ್ದ ಲಾರಿ ಡ್ರೈವರ್ ಲಾಡಸಾಬ ಅವಳ ಮಾನ ಉಳಿಸಲು ಹೋಗಿ, "ಹೊರಗ ಯಾರದೋ ಗಾಡಿ ಟಾಯರ್ ಹೋತು ನೋಡ್ರಿ" ಎಂದ. ಪಂಕ್ತಿ ಘೊಳ್ಳೆಂದಿತು. ಅಂದಪ್ಪ ಗಲ್ಲೆಯ ಮೇಲೆ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಅಲುಗಾಡುತ್ತಿದ್ದ. ಅಮೃತವ್ವನಿಗೆ ಮೈಯೆಲ್ಲ ಬೆಂಕಿ ಹತ್ತಿತು. ಅಂದಿನಿಂದ ಪುಡಿ ಮುಟ್ಟಲಿಲ್ಲ.

ಮುಟ್ಟಲಿಲ್ಲ ಸರಿ, ಪುಡಿಯನ್ನು ಏನು ಮಾಡುವುದು? ಚೆಲ್ಲುವ ಮಾತೇ ಇಲ್ಲ. ಒಲೆಯ ಮನೆಗೆ ಬಂದದ್ದು ಯಾವುದಾದರೊಂದು ಹೊಟ್ಟೆ ಸೇರಲೇಬೇಕು ಎಂಬುದು ಆ ಖಾನಾವಳಿಯ ಕಟ್ಟಳೆ. ನಿನ್ನೆಯ ರೊಟ್ಟಿ ಇಂದು ಖಾರ ಹಾಕಿ ಕುಟ್ಟಿದ ಮುಟಗಿಯಾಗುತ್ತದೆ, ಮುಟಗಿಯೂ ಉಳಿದರೆ ಆಕಳಿಗೆ ಹೋಗುತ್ತದೆ. ಅದರ ಮೇಲೆ ಖಾಲಿ ಪಾಕೀಟುಗಳನ್ನು ದವಾಖಾನೆಗೆ ತಿರುಗಿ ಒಪ್ಪಿಸಬೇಕಿತ್ತು. ಆಗ ಕಣ್ಣಿಗೆ ಬಿದ್ದವಳು ಗದಿಗೆವ್ವ.

ಗದಿಗೆವ್ವ ಅವಳ ನೆಗೆಣ್ಣಿ, ಅಂದಪ್ಪನ ತಮ್ಮನ ಹೆಂಡತಿ. ಗಂಡ ತೀರಿಕೊಂಡು ಹನ್ನೆರಡು ವರ್ಷ. ಮಕ್ಕಳಿಲ್ಲ. ಹಿಂದಿನ ಒಲೆಯ ಮುಂದೆ ಕೂತು ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುವ ಆ ತೆಳ್ಳನೆಯ ಹೆಂಗಸನ್ನು ಗಿರಾಕಿಗಳು ನೋಡಿದವರೇ ಅಲ್ಲ, ಅವಳ ರೊಟ್ಟಿಯನ್ನಷ್ಟೇ ಬಲ್ಲರು. ಮಾತು ಕಡಿಮೆ. ಅವಳಿಗೆ ಹೊಟ್ಟೆ ಸರಿಯಾಗಿ ಹೋಗುವುದಿಲ್ಲ, ಮೂರು ದಿನಕ್ಕೊಮ್ಮೆ, ಅದೂ ತಿಣುಕಬೇಕು ಎಂಬುದು ಅಮೃತವ್ವನಿಗೆ ಗೊತ್ತಿತ್ತು. ಒಂದೇ ಪಾಯಖಾನೆಯ ಮನೆಯಲ್ಲಿ ಇಂಥವು ಮುಚ್ಚಿಡಲು ಬರುವುದಿಲ್ಲ.

"ಇದನ್ನ ಕುಡಿ ತಂಗಿ, ನಿನ್ನ ಹೊಟ್ಟಿಗೆ ಛಲೋ" ಎಂದು ಮಜ್ಜಿಗೆಯ ಲೋಟ ಮುಂದೆ ಹಿಡಿದಳು.

"ನಿನ್ನ ಔಷಧ ನನಗ ಯಾಕ ಯಕ್ಕಾ?"

"ಔಷಧ ಅಲ್ಲ ಅದು, ನಾರು. ಕುಡಿ ಸುಮ್ನ."

ಕುಡಿದಳು. ವಾರದಲ್ಲಿ ಹೊಟ್ಟೆ ಹಗುರಾಗಿದೆ ಎಂದಳು. ಅಮೃತವ್ವನಿಗೆ ಎಲ್ಲ ದಿಕ್ಕಿನಿಂದಲೂ ಸಮಾಧಾನ. ಪುಡಿ ಕೆಡಲಿಲ್ಲ, ಪಾಕೀಟು ಖಾಲಿಯಾದವು, ನೆಗೆಣ್ಣಿಗೆ ಗುಣವಾಯಿತು, ಪಂಕ್ತಿಯಲ್ಲಿ ಮರ್ಯಾದೆ ಉಳಿಯಿತು. ಇದಕ್ಕಿಂತ ಜಾಣ ದಾರಿ ಇದೆಯೇ ಎಂದು ತನ್ನ ಬೆನ್ನು ತಾನೇ ಚಪ್ಪರಿಸಿಕೊಂಡಳು.

ಎರಡನೆಯ ತಿಂಗಳಿಗೆ ಗದಿಗೆವ್ವನ ಕುಪ್ಪಸ ತೋಳಿನಲ್ಲಿ ಸಡಿಲವಾಯಿತು. ಮೂರನೆಯದಕ್ಕೆ ಬಳೆಗಳು ಮೊಣಕೈ ತನಕ ಜಾರತೊಡಗಿದವು. ಅದನ್ನು ನೋಡಿ ಅಮೃತವ್ವನ ಹೊಟ್ಟೆ ಉರಿಯಿತು. ಮೊದಲೇ ಬಡಕಲು ಮೈ, ಅದರ ಮೇಲೆ ಇಷ್ಟು ಸೊರಗಿದರೆ ಪುಡಿಯ ಗುಣ ಎಂಥದ್ದು! ತಾನು ಒಂದು ಸದ್ದಿಗೆ ಹೆದರಿ ಬಿಟ್ಟೆನಲ್ಲ!

"ನಿನ್ನ ಪುಣ್ಯ ಬಿಡವಾ. ನನ್ನ ಪಾಲಿನ ಪುಡಿ ನಿನ್ನ ಮೈ ಇಳಿಸ್ತು" ಎಂದು ಬಾಯಿಬಿಟ್ಟು ಅಂದಳು ಕೂಡ. ಗದಿಗೆವ್ವ ಹಂಚಿನ ಮೇಲಿನ ರೊಟ್ಟಿ ಹೊರಳಿಸಿದಳು.

ಕೊನೆಯ ಡಬ್ಬಿಯ ದಿನ ಬಂತು. ಇಲ್ಲಿ ಅಮೃತವ್ವ ಮಾಡಿದ್ದನ್ನು ಮೋಸ ಎನ್ನುವವರು ಎನ್ನಲಿ. ಅವಳ ತಲೆಯಲ್ಲಿ ಅದು ಪ್ರಾಮಾಣಿಕತನವೇ ಆಗಿತ್ತು. ಡಾಕ್ಟರ್ ಬಾಯಾರಿಗೆ ನೋಡಬೇಕಾದದ್ದೇನು? ಪುಡಿ ಹೊಟ್ಟೆಯಲ್ಲಿ ಏನು ಮಾಡಿತು ಎಂದು. ಪುಡಿ ಹೋದದ್ದು ಯಾರ ಹೊಟ್ಟೆಗೆ? ಗದಿಗೆವ್ವನ ಹೊಟ್ಟೆಗೆ. ಪುಡಿಯೇ ಇಲ್ಲದ ತನ್ನ ಹೊಟ್ಟೆಯದನ್ನು ಒಯ್ದು ಕೊಟ್ಟರೆ ಅದಲ್ಲವೇ ಮೋಸ? ಯಾರು ಉಂಡರೋ ಎಲೆ ಅವರೇ ಎತ್ತಬೇಕು. ಹೀಗೆ ನ್ಯಾಯ ತೀರಿಸಿ ಡಬ್ಬಿಯನ್ನು ನೆಗೆಣ್ಣಿಯ ಕೈಗೆ ಕೊಟ್ಟಳು.

ಗದಿಗೆವ್ವ ಡಬ್ಬಿಯನ್ನು ತಿರುವಿ ತಿರುವಿ ನೋಡಿದಳು. "ಇದನ್ನ ಡಾಕ್ಟರ್ ನೋಡ್ತಾರೇನು?"

"ಮಶೀನಿನ್ಯಾಗ ಹಾಕಿ ನೋಡ್ತಾರಂತ. ನೀ ನಾಚಬ್ಯಾಡ, ಹೆಸರು ನಂದs ಇರ್ತೈತಿ."

ಮರುದಿನ ಅಮೃತವ್ವ ಗದಗಿಗೆ ಹೋಗಿ ಪೆಟ್ಟಿಗೆ, ಖಾಲಿ ಪಾಕೀಟು ಎರಡನ್ನೂ ಒಪ್ಪಿಸಿದಳು. ತಕ್ಕಡಿ ನೂರು ಕಿಲೋ ತೋರಿಸಿತು. ವಾಣಿಶ್ರೀ ಹುಬ್ಬು ಗಂಟಿಕ್ಕಿ, "ಪುಡಿ ತಪ್ಪದ ತಗೊಂಡ್ರಿಲ್ಲೋ?" ಎಂದಾಗ, "ಒಂದು ಪಾಕೀಟೂ ಉಳಿಸಿಲ್ರಿ" ಎಂದಳು. ಅದರಲ್ಲಿ ಸುಳ್ಳೇನಿತ್ತು?

ಮೂರನೆಯ ದಿನ ಫೋನ್ ಬಂತು. ತೆರೆಯ ಮೇಲೆ 'ಡಾಕ್ಟರ್ ಬಾಯಿ' ಎಂದು ಬಂದದ್ದೇ ತಡ, ಅಮೃತವ್ವ ಫೋನನ್ನು ಬೋರಲು ಹಾಕಿದಳು. ಸಿಕ್ಕಿಬಿದ್ದೆ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವಳದು. ಮಶೀನಿನಲ್ಲಿ ಎಲ್ಲ ಗೊತ್ತಾಗಿರಬೇಕು, ಇದು ದಪ್ಪ ಹೆಂಗಸಿನದಲ್ಲ ಎಂದು ಅದು ಹೇಳಿರಬೇಕು, ಇನ್ನು ನಾಲ್ಕು ಮಂದಿಯ ಎದುರು ಮುಖಕ್ಕೆ ಉಗಿಯುತ್ತಾರೆ. ಎತ್ತಲಿಲ್ಲ. ಮರುದಿನ ಎರಡು ಸಲ ಬಂತು, ಎತ್ತಲಿಲ್ಲ. ಆಮೇಲೆ ಫೋನನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಡತೊಡಗಿದಳು. ಸದ್ದು ಅಲ್ಲಿಂದಲೂ ಕೇಳುತ್ತಿತ್ತು.

"ಯಕ್ಕಾ, ದವಾಖಾನಿ ಫೋನ್ ಹೊಡ್ಕೊಳ್ಳಾಕತ್ತೈತಿ" ಎಂದು ಗದಿಗೆವ್ವ ಒಲೆಯ ಮುಂದಿನಿಂದ ಎದ್ದೇ ಬಂದಳು ಒಮ್ಮೆ, ಫೋನನ್ನು ಸೆರಗಿನಿಂದ ಒರೆಸಿ ಮುಂದೆ ಹಿಡಿದಳು. "ಎತ್ತು. ಏನಂತಾರ ಕೇಳರೆ ಕೇಳು."

"ಅವ್ರಿಗೇನ್ ಕೆಲಸಿಲ್ಲ. ನೀ ರೊಟ್ಟಿ ಬಡಿ ಹೋಗು."

ಇನ್ನೊಂದು ದಿನವೂ ಹಾಗೆಯೇ ತಂದುಕೊಟ್ಟಳು. ಅಮೃತವ್ವ ಸಿಟ್ಟು ಮಾಡಿ ಫೋನನ್ನೇ ಬಂದ್ ಮಾಡಿದಳು. ಮೂರು ವಾರ ಕಳೆದವು. ಫೋನ್ ಬರುವುದು ನಿಂತಿತು. ಬೀಸುವ ದೊಣ್ಣೆ ತಪ್ಪಿತು ಎಂದು ಅಮೃತವ್ವ ನಿರುಮ್ಮಳವಾದಳು.

ಒಂದು ಗುರುವಾರ ಹನ್ನೆರಡೂವರೆಗೆ, ಪಂಕ್ತಿ ಕೂರುವ ಹೊತ್ತಿಗೆ ಸರಿಯಾಗಿ, ಖಾನಾವಳಿಯ ಮುಂದೆ ದವಾಖಾನೆಯ ಜೀಪು ನಿಂತಿತು. ಇಳಿದವರು ವಾಣಿಶ್ರೀ. ಅಮೃತವ್ವನ ಕೈಯಲ್ಲಿದ್ದ ಝುಣಕದ ಬೋಗುಣಿ ಅಲ್ಲೇ ನಿಂತಿತು.

"ಹದಿನೇಳು ಸಲ ಫೋನ್ ಮಾಡೀನ್ರಿ ನಿಮಗ! ಕಾಗದ ಹಾಕಿದ್ವಿ, ವಿಳಾಸ ಸಿಗಲಿಲ್ಲಂತ ವಾಪಸ್ ಬಂತು. ಬಜಾರಿನ್ಯಾಗ ಮೂರು ಖಾನಾವಳಿ ಹೊಕ್ಕು ಹೊಂಟು ನಿಮ್ಮನ್ನ ಹುಡಕೀನಿ." ಅವರ ದನಿಯಲ್ಲಿ ಸಿಟ್ಟಿತ್ತು, ಸಿಟ್ಟಿಗಿಂತ ಹೆಚ್ಚಾಗಿ ಇನ್ನೇನೋ ಇತ್ತು. "ಒಳಗ ನಡೀರಿ. ಒಂದೀಟು ಕುಂತು ಮಾತಾಡೂಣು."

ಅಮೃತವ್ವ ಪಕ್ಕದ ಸಾಮಾನಿನ ಕೋಣೆಗೆ ಅವರನ್ನು ಕರೆದೊಯ್ದಳು. ಜೋಳದ ಚೀಲದ ಮೇಲೆ ಕೂರುವ ಮೊದಲೇ ಕ್ಷಮೆ ಕೇಳಿಬಿಡೋಣ ಎಂದು ಬಾಯಿ ತೆರೆದಳು. ವಾಣಿಶ್ರೀ ಅವಳ ಕೈ ಹಿಡಿದುಕೊಂಡರು.

"ಅಮೃತವ್ವಾರ, ಹೆದರಬ್ಯಾಡ್ರಿ. ಕಡೀ ಡಬ್ಬಿ ಕೊಟ್ರಲ್ಲ, ಎಲ್ಲಾರದೂ ಒಂದು ಪರೀಕ್ಷಾ ಮಾಡ್ತೀವಿ. ನಿಮ್ಮದ್ರಾಗ ರಕ್ತ ಐತ್ರಿ. ಭಾಳ ಐತಿ. ಕರುಳಿನ್ಯಾಗ ಗಡ್ಡಿ ಇದ್ರೂ ಇರಬಹುದು. ಕ್ಯಾನ್ಸರ್ ಅಂತ ನಾ ಅನ್ನಾಕ ಹತ್ತಿಲ್ಲ, ಆದ್ರ ಪೈಪ್ ಹಾಕಿ ನೋಡೂತನಾ ಅಲ್ಲ ಅನ್ನಾಕೂ ಬರಂಗಿಲ್ಲ. ತಡಾ ಮಾಡಬಾರದಿತ್ತು. ಮೂರು ವಾರ ಹೋದೂ."

ಕ್ಯಾನ್ಸರ್ ಎಂಬ ಮಾತಿನ ಆಚೆಗೆ ಅಮೃತವ್ವನಿಗೆ ಏನೂ ಕೇಳಿಸಲಿಲ್ಲ. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಸತ್ತೆ ಎಂದುಕೊಂಡಳು. ಐವತ್ತೂ ತುಂಬಲಿಲ್ಲ. ತನ್ನ ಹೆಣ ಹೊರಲು ಎಂಟು ಮಂದಿ ಬೇಕಾಗುತ್ತಾರೆ, ಅಂದಪ್ಪನಿಗೆ ಚಹಾ ಮಾಡಿಕೊಳ್ಳಲೂ ಬರುವುದಿಲ್ಲ, ಎಣ್ಣೆಗಾಯಿಯ ಮಸಾಲೆ ಯಾರಿಗೂ ಹೇಳಿಕೊಟ್ಟಿಲ್ಲ. ಹೀಗೆ ಒಂದರ ಮೇಲೊಂದು ಬಂದು ಬಡಿದವು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅದೂ ಅವಳಿಗೆ ತಿಳಿದಿರಲಿಲ್ಲ.

ವಾಣಿಶ್ರೀ ಸಮಾಧಾನದ ದನಿಯಲ್ಲಿ ಇನ್ನೇನೋ ಹೇಳುತ್ತಿದ್ದರು. "ಇನ್ನೊಂದು ನನಗ ತಿಳಿವಲ್ದು. ನಾರು ತಿಂದ್ರ ಒಳ್ಳೆ ಬ್ಯಾಕ್ಟೀರಿಯಾ ಹೆಚ್ಚಾಗ್ತಾವು ಅನ್ನೂದು ನಮ್ಮ ಅಂದಾಜು. ನಿಮ್ಮದ್ರಾಗ ಹಂಗಷ್ಟ ಆಗಿಲ್ಲ. ಮೊದಲಿನ ಡಬ್ಬಿಗೂ ಕಡೀ ಡಬ್ಬಿಗೂ ತಾಳಮೇಳನ ಇಲ್ಲ. ಒಂದು ಊರಿನ ಮಂದಿ ಎಲ್ಲಾ ಗುಳೆ ಹೋಗಿ ಬ್ಯಾರೆ ಊರಿನ ಮಂದಿ ಬಂದು ಕುಂತಂಗ ಐತಿ. ಇದು ನಿಮ್ಮ ಹೊಟ್ಟೀನ ಅಲ್ಲೇನೋ ಅನ್ನೂ ಹಂಗ."

ನಿಮ್ಮ ಹೊಟ್ಟೆಯೇ ಅಲ್ಲ.

ಅಲ್ಲವೇ ಅಲ್ಲ! ಅಮೃತವ್ವ ತಲೆಯೆತ್ತಿದಳು. ಅಯ್ಯೋ, ಅದು ನನ್ನದಲ್ಲ! ನನಗೇನೂ ಆಗಿಲ್ಲ! ಬದುಕಿದೆ ಎಂಬ ಖುಷಿ ಅವಳ ಎದೆಯಲ್ಲಿ ಎಷ್ಟು ಜೋರಾಗಿ ಎದ್ದಿತೆಂದರೆ ಮುಖದ ಮೇಲೆ ನಗೆಯೇ ಬಂದುಬಿಟ್ಟಿತು. ಡಾಕ್ಟರು ಆ ನಗೆ ನೋಡಿ ಗಾಬರಿಯಾದರು. ಅಷ್ಟರಲ್ಲಿ ಗೋಡೆಯ ಆಚೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿತು. ಪಟಪಟ, ಪಟಪಟ, ಒಂದು ಗಳಿಗೆ ನಿಂತು, ಮತ್ತೆ ಪಟಪಟ.

ಅಮೃತವ್ವನ ನಗೆ ಅಲ್ಲೇ ಸತ್ತುಹೋಯಿತು. ಜಾರುವ ಬಳೆ ಕಣ್ಣ ಮುಂದೆ ಬಂತು. ಸಡಿಲವಾದ ಕುಪ್ಪಸ, ನಿನ್ನ ಪುಣ್ಯ ಎಂದ ತನ್ನ ಮಾತು. ಆ ಸೊರಗುವ ಮೈ ನೋಡಿ ತಾನು ಹೊಟ್ಟೆಕಿಚ್ಚು ಪಟ್ಟಿದ್ದಳು! ಈಗ ಆ ರಕ್ತ ತನ್ನದಲ್ಲ ಎಂದು ನಕ್ಕಿದ್ದಳು! ಇಂಥ ಹೆಂಗಸು ತನ್ನೊಳಗೆ ಇದ್ದಾಳೆ ಎಂದು ಅವಳಿಗೆ ಇದುವರೆಗೂ ಗೊತ್ತೇ ಇರಲಿಲ್ಲ. ಹೊಟ್ಟೆಯಲ್ಲಿ ಕೋಟಿ ಜೀವಿಗಳಿವೆ ಎಂದು ಕೇಳಿದಾಗ ಆದ ಗಾಬರಿ ಇದರ ಮುಂದೆ ಏನೂ ಅಲ್ಲ.

"ಬಾಯಾರ," ಎಂದಳು. "ಅದು ನನ್ನದಲ್ರಿ. ನಾ ಪುಡಿ ತಿಂದಿಲ್ರಿ. ವಾಯು ಆತು, ನಾಚಿಕಿ ಬಂತು, ಬಿಟ್ಟೆ. ಕೆಡಿಸಬಾರದಂತ ನೆಗೆಣ್ಣಿಗೆ ಕುಡಿಸಿದೆ. ಪುಡಿ ತಿಂದಾಕಿ ಆಕೀನ ಅಂತ ಡಬ್ಬಿನೂ ಆಕೀದs ತಂದೆ."

ವಾಣಿಶ್ರೀ ಕುಳಿತಲ್ಲಿಂದ ಎದ್ದು ನಿಂತರು. "ಏನ್ ಮಾಡಿದ್ರಿ ಅಮೃತವ್ವಾರ! ಒಂದು ಮಾತು, ಒಂದs ಒಂದು ಮಾತು ನನಗ ಹೇಳಿದ್ರ ಪುಡಿ ಬಿಡ್ರಿ ಅಂತಿದ್ದೆ. ಬೈತಿದ್ನೇನು ನಿಮಗ? ಮೂರು ತಿಂಗಳ ಕೆಲಸ ನೀರಾಗ ಹೋತು, ಅದು ಹೋಗ್ಲಿ. ಆ ಹೆಣಮಗಳು…" ಅವರು ಮಾತು ನುಂಗಿದರು. "ಎಲ್ಲಿ ಅದಾರ ಅವ್ರು? ಕರೀರಿ."

ಗದಿಗೆವ್ವ ಕೈಗೆ ಹತ್ತಿದ ಹಿಟ್ಟು ಒರೆಸುತ್ತ ಬಂದು ಬಾಗಿಲಲ್ಲಿ ನಿಂತಳು. ಡಾಕ್ಟರನ್ನು ನೋಡಿದಳು, ಅಮೃತವ್ವನ ಅತ್ತ ಮುಖ ನೋಡಿದಳು. ಏನು, ಯಾಕೆ ಎಂದು ಕೇಳಲಿಲ್ಲ. ವಾಣಿಶ್ರೀ ಎಷ್ಟು ದಿನದಿಂದ ರಕ್ತ ಹೋಗುತ್ತಿದೆ ಎಂದು ಮೆಲ್ಲಗೆ ಕೇಳಿದಾಗ, "ಎಂಟು ತಿಂಗಳಾತ್ರಿ" ಎಂದಳು, ಯಾರೋ ರೊಟ್ಟಿ ಎಷ್ಟಾದವು ಎಂದು ಕೇಳಿದ ಹಾಗೆ. ಅಮೃತವ್ವ ಗೋಡೆ ಹಿಡಿದುಕೊಂಡಳು. ಎಂಟು ತಿಂಗಳು! ಒಂದೇ ಮನೆ, ಒಂದೇ ಒಲೆ, ಎಂಟು ತಿಂಗಳು!

ಆ ಮಧ್ಯಾಹ್ನ ಲಕ್ಷ್ಮೇಶ್ವರದ ಬಜಾರು ಎಂದೂ ಕಾಣದ್ದನ್ನು ಕಂಡಿತು. ಪಂಕ್ತಿ ಕೂತಿರುವಾಗಲೇ ಅಮೃತವ್ವ ಒಲೆಗೆ ನೀರು ಹೊಯ್ದಳು. ಅರ್ಧ ಉಂಡವರು ತಾಟಿನ ಮುಂದೆ ಕಕ್ಕಾಬಿಕ್ಕಿಯಾಗಿ ಕೂತರು. ಅಂದಪ್ಪ, "ಏನಾತs? ಏನಾತs?" ಎನ್ನುತ್ತ ಜೀಪಿನ ಹಿಂದೆ ನಾಲ್ಕು ಹೆಜ್ಜೆ ಓಡಿದ. ಗದಿಗೆವ್ವನ ಪಕ್ಕ ಜೀಪಿನಲ್ಲಿ ಕೂತ ಅಮೃತವ್ವ, "ರೊಕ್ಕ ಯಾರ ಹಂತ್ಯಾಕೂ ಇಸ್ಕೋಬ್ಯಾಡ್ರಿ" ಎಂದಷ್ಟೇ ಕೂಗಿದಳು.

ಗದಗಿನಲ್ಲಿ ಗದಿಗೆವ್ವನನ್ನು ಅಂದೇ ದಾಖಲು ಮಾಡಿಕೊಂಡರು. ಹೊಟ್ಟೆ ತೊಳೆಯುವ ಔಷಧದ ನೀರು ಒಂದು ದಿನವಿಡೀ ಕುಡಿಸಿದರು. ಅಮೃತವ್ವ ಅವಳನ್ನು ಹಿಡಿದು ಪಾಯಖಾನೆಗೆ ಒಯ್ಯುವುದು, ತಂದು ಮಲಗಿಸುವುದು, ಸೀರೆ ಬದಲಿಸುವುದು ಎಲ್ಲ ಮಾಡಿದಳು. ಮೊಣಕಾಲು ನೋಯುತ್ತಿದ್ದದ್ದು ಅವಳಿಗೆ ನೆನಪಾದದ್ದು ಮರುದಿನವೇ. ಶನಿವಾರ ಪೈಪು ಹಾಕಿ ನೋಡಿದರು. ದೊಡ್ಡ ಕರುಳಿನಲ್ಲಿ ಗಡ್ಡೆ ಇತ್ತು. ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರು ಅಮೃತವ್ವನನ್ನು ಹೊರಗೆ ಕರೆದು, "ಕೈ ಮೀರಿಲ್ಲ ಅನ್ನಸ್ತೈತ್ರಿ. ಕೊಯ್ದು ನೋಡಿದ ಮ್ಯಾಲ ಖರೆ ಏನಂತ ಹೇಳ್ತೀನಿ. ಜಲ್ದಿ ಬಂದಷ್ಟೂ ಛಲೋ ಇತ್ತು" ಎಂದರು.

ವಾರ್ಡಿನಲ್ಲಿ ಗದಿಗೆವ್ವ ಮಗ್ಗುಲಾಗಿ ಮಲಗಿದ್ದಳು. ಕಿಟಕಿಯ ಹೊರಗೆ ಬೆಟಗೇರಿಯ ಕಡೆಗೆ ಹೋಗುವ ಆಟೋಗಳ ಸದ್ದು. ಅಮೃತವ್ವ ಸಣ್ಣ ಸ್ಟೂಲಿನ ಮೇಲೆ ಹೇಗೋ ಕೂತು ಅವಳ ಕಾಲು ಒತ್ತತೊಡಗಿದಳು. ಕೈಗೆ ಬರೀ ಎಲುಬು ಸಿಗುತ್ತಿತ್ತು. ತಡೆಯಲಾರದೆ ಕೇಳಿಯೇಬಿಟ್ಟಳು.

"ಎಂಟು ತಿಂಗಳು, ತಂಗಿ! ನನಗ ಒಂದು ಮಾತು ಯಾಕ ಅನಲಿಲ್ಲ?"

"ಏನಂತ ಅನ್ಲಿ ಯಕ್ಕಾ? ಖಾನಾವಳಿ ರೊಟ್ಟಿ ಬಡಿಯಾಕಿ ನಾನು. ರಕ್ತ ಬೀಳೂ ಹೆಂಗಸಿನ ಕೈಲೆ ರೊಟ್ಟಿ ಯಾರ ತಿಂತಾರ? ಮೂಲವ್ಯಾಧಿ ಇರಬೇಕಂತ ಸುಮ್ಮಿದ್ದೆ. ಆಮ್ಯಾಲ ಮೈ ಸೊರಗಾಕ ಹತ್ತಿತು. ನೀ ಪುಡಿ ಗುಣ ಅಂದಿ. ನನಗ ಪುಡಿ ಅಲ್ಲಂತ ಗೊತ್ತಿತ್ತು."

ಅಮೃತವ್ವನ ಕೈ ನಿಂತಿತು.

"ನೀ ಡಬ್ಬಿ ಕೊಟ್ಟಿಯಲ್ಲ, ಅವತ್ತು ನನಗ ಭಾಳ ಸಮಾಧಾನ ಆತು" ಎಂದು ಗದಿಗೆವ್ವ ಗೋಡೆಯನ್ನೇ ನೋಡುತ್ತ ಮುಂದುವರಿಸಿದಳು. ಇಷ್ಟು ಉದ್ದ ಅವಳು ಮಾತಾಡಿದ್ದನ್ನು ಅಮೃತವ್ವ ಹನ್ನೆರಡು ವರ್ಷದಲ್ಲಿ ಕೇಳಿರಲಿಲ್ಲ. "ನನ್ನ ಬಾಯಿಲೆ ಹೇಳಾಕ ಆಗದ್ದನ್ನ ಅದs ಹೋಗಿ ಹೇಳ್ತೈತಿ ಅನಕೊಂಡೆ. ಡಾಕ್ಟರ್ ನೋಡ್ತಾರ, ನಿನಗ ಹೇಳ್ತಾರ, ನೀ ಬಂದು ನನಗ ಕೇಳ್ತಿ. ಬೇಕಂತನs ಕೊಟ್ಟೆ ನಾನು. ಆಮ್ಯಾಲ ದಿನಾ ಕಾದೆ."

ಸೆರಗಿನಿಂದ ಒರೆಸಿ ಮುಂದೆ ಹಿಡಿದದ್ದು ಬರೀ ಫೋನ್ ಆಗಿರಲಿಲ್ಲ. ಈ ಹೆಂಗಸು ತನ್ನ ಜೀವವನ್ನೇ ಅಂಗೈಯಲ್ಲಿಟ್ಟು ಎರಡು ಸಲ ಮುಂದೆ ಹಿಡಿದಿದ್ದಳು. ಎರಡು ಸಲವೂ ತಾನು ರೊಟ್ಟಿ ಬಡಿ ಹೋಗು ಎಂದಿದ್ದಳು. ಅಮೃತವ್ವ ಹಾಸಿಗೆಯ ಅಂಚಿಗೆ ತಲೆಯಿಟ್ಟು ಬಿಕ್ಕಿದಳು. ಇನ್ನು ಮುಚ್ಚಿಡಲು ಏನೂ ಬೇಡ ಎನ್ನಿಸಿತು.

"ಇನ್ನೊಂದು ಐತಿ ತಂಗಿ, ಅದನ್ನೂ ಕೇಳಿಬಿಡು. ಆ ರಕ್ತ ನಂದಲ್ಲಂತ ಗೊತ್ತಾತಲ್ಲ, ಆಗ ನಾ ಖುಷಿ ಪಟ್ಟೆ. ನಕ್ಕೆ. ಡಾಕ್ಟರ್ ಬಾಯಾರು ನೋಡ್ಯಾರ. ನಾ ಎಂಥಾಕಿ ಅದೀನಿ ನೋಡು."

ಗದಿಗೆವ್ವ ನಿಧಾನಕ್ಕೆ ಈ ಕಡೆ ಹೊರಳಿದಳು. ಹಂಚಿನ ಬಿಸಿಗೆ ಒರಟಾದ ಬೆರಳುಗಳಿಂದ ಅಮೃತವ್ವನ ಕೆನ್ನೆ ಒರೆಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಅದಕ್ಕ ಅಳಬ್ಯಾಡ ಯಕ್ಕಾ. ನಿನ್ನ ಜಾಗಾದಾಗ ನಾ ಇದ್ದಿದ್ರೂ ಖುಷಿ ಪಡ್ತಿದ್ದೆ" ಎಂದಳು. ಆಮೇಲೆ ಮೆಲ್ಲಗೆ ಸೇರಿಸಿದಳು. "ಆದ್ರ ನಾ ಫೋನ್ ಎತ್ತತಿದ್ದೆ."